ಅಪ್‌ಡೇಟ್: ಸೌತ್ ಲುವಾಂಗ್ವಾ ಬುಷ್ ಕ್ಯಾಂಪ್‌ಗೆ ಹೋಗಿ ಬಂದ್ವಿ

ಜಾಂಬಿಯಾದ ಸೌತ್ ಲುವಾಂಗ್ವಾ ರಾಷ್ಟ್ರೀಯ ಉದ್ಯಾನದಲ್ಲಿ ಬೇಲಿಯೂ ಇಲ್ಲದ, ಕರೆಂಟ್ ಲೈನೂ ಇಲ್ಲದ ಕ್ಯಾಂಪ್‌ಗೆ ಅಮ್ಮನನ್ನು ಕರ್ಕೊಂಡು ಹೋಗಬಹುದಾ, ಸಸ್ಯಾಹಾರ ಸಿಗುತ್ತಾ ಅಂತ ಕೇಳಿದ್ದೆ. ಎರಡಕ್ಕೂ ಧೈರ್ಯವಾಗಿ ಹೌದು ಅನ್ನಬಹುದು.

ಗುಡಿಸಲು ಪೂರ್ತಿ ಹುಲ್ಲು ಮತ್ತು ಗಳ. ಮಳೆಗಾಲಕ್ಕೆ ಮುಂಚೆ ಎಲ್ಲ ಬಿಚ್ಚಿಟ್ಟು, ದಾರಿ ಒಣಗಿದ ಮೇಲೆ ಮತ್ತೆ ಕಟ್ಟುತ್ತಾರೆ. ಸ್ನಾನಕ್ಕೆ ಸೌದೆ ಒಲೆಯಲ್ಲಿ ಕಾಯಿಸಿದ ನೀರನ್ನು ಬಕೆಟ್‌ಗೆ ತುಂಬಿ ಹಗ್ಗದಲ್ಲಿ ಮೇಲಕ್ಕೆ ಎಳೀತಾರೆ, ಕೆಳಗಿನ ನಲ್ಲಿ ತಿರುಗಿಸಿದರೆ ಶವರ್. ತಲೆಗೆ ಎಣ್ಣೆ ಹಚ್ಚಿಕೊಂಡಿದ್ದರೆ ಒಂದು ಬಕೆಟ್ ಸಾಲಲ್ಲ, ಮೊದಲೇ ಹೇಳಿಬಿಡಿ. ದೀಪ, ಚಾರ್ಜಿಂಗ್ ಎಲ್ಲ ಸೋಲಾರ್.

ಕತ್ತಲಾದ ಮೇಲೆ ಕಾವಲುಗಾರನಿಲ್ಲದೆ ಊಟದ ಜಾಗಕ್ಕೂ ಹೋಗುವಂತಿಲ್ಲ. ರಾತ್ರಿ ನೀರಾನೆ ಹೊಳೆಯಿಂದ ಮೇಯಲು ಬರುತ್ತೆ; ಹುಲ್ಲಿನ ಗೋಡೆಯಾಚೆ ಚರ್‌ಚರ್ ಅಂತ ಹುಲ್ಲು ಕೀಳುವ ಸದ್ದಿಗೆ ಅಮ್ಮ ರಾಮನಾಮ ಶುರು ಮಾಡಿದ್ದರು! ನಡೆದು ನೋಡುವ ಸಫಾರಿಗೆ ಈ ಲುವಾಂಗ್ವಾ ಕಣಿವೆ ತವರು, ವನ್ಯಜೀವಿ ಸಂರಕ್ಷಕ ನಾರ್ಮನ್ ಕಾರ್ ಅದನ್ನು ಶುರು ಮಾಡಿದ್ದು ಇಲ್ಲೇ. ಮುಂದೆ ಬಂದೂಕು ಹಿಡಿದ ಸ್ಕೌಟ್ (ವನ್ಯಜೀವಿ ಕಾವಲುಗಾರ), ಅವನ ಹಿಂದೆ ಗೈಡ್, ಆಮೇಲೆ ನಾವು. ಸಿಂಹಕ್ಕಿಂತ ಸಗಣಿ, ಹೆಜ್ಜೆಗುರುತು, ಗೆದ್ದಲಹುತ್ತವನ್ನೇ ಜಾಸ್ತಿ ನೋಡ್ತೀರಿ. ನನಗಂತೂ ಅದೇ ಇಷ್ಟವಾಯಿತು.

ಊಟಕ್ಕೆ ನ್ಶಿಮಾ, ಅಂದರೆ ಮೆಕ್ಕೆಜೋಳದ ಹಿಟ್ಟಿನ ಮುದ್ದೆ ಅನ್ಕೊಳ್ಳಿ, ಜೊತೆಗೆ ಸೊಪ್ಪು, ಬೀನ್ಸ್. ಉಪ್ಪಿನಕಾಯಿ ಒಯ್ಯಿರಿ.

ಕಡುನೀಲಿ, ಕಪ್ಪು ಬಟ್ಟೆ ಬೇಡ, ಕಚ್ಚುವ ತ್ಸೆತ್ಸೆ ನೊಣ ಮುತ್ತುತ್ತೆ. ಮಲೇರಿಯಾ ಮಾತ್ರೆ ಡಾಕ್ಟರನ್ನು ಕೇಳಿ ಮೊದಲೇ ಶುರು ಮಾಡಿ. ಉದ್ಯಾನದ ಹತ್ತಿರದ ವಿಮಾನ ನಿಲ್ದಾಣ ಇರುವ ಎಮ್‌ಫುವೆಗೆ ಪುಟ್ಟ ವಿಮಾನದಲ್ಲಿ ಹೋಗಿ, ಇಂಥ ಕ್ಯಾಂಪ್ ಪ್ರವಾಸವನ್ನು ಪರಿಸರಸ್ನೇಹಿ ಅನ್ನೋದು ಎಷ್ಟು ಸರಿಯೋ, ಆ ಜಗಳ ನಮ್ಮ ಮನೆಯಲ್ಲಿ ಇನ್ನೂ ನಡೀತಿದೆ.