ತಂತಿ ಎಳೆಯುವ ಮೊದಲು ಮೂಲೆಗಲ್ಲು ನೋಡು

ಪುಟ್ಟಾ, ಬೆಳಿಗ್ಗೆ ನೀನು ಗುಂಪಿಗೆ ಹಾಕಿದ್ದ ಚಿತ್ರಗಳನ್ನು ಈಗ ನೋಡಿದೆ. ಇಷ್ಟನ್ನೆಲ್ಲ ಬರೆಯಲು ಕೂತರೆ ಕತ್ತಲಾಗುತ್ತದೆ, ಅದಕ್ಕೇ ಮಾತಿನಲ್ಲೇ ಹೇಳುತ್ತಿದ್ದೇನೆ. ಉದ್ದವಾಗುತ್ತದೆ, ಊಟ ಮಾಡುತ್ತಾ ಕೇಳು. ತೆಂಗಿನ ತೋಟದ ಪಡುವಣ ಬೇಲಿ ಜೋಲು ಬಿದ್ದಿದೆ, ಪಕ್ಕದ ಹೊಲದ ಮೇಕೆಗಳು ನುಗ್ಗುತ್ತಿವೆ, ತಂತಿ ಬಿಗಿಯುವ ಸರಪಳಿಯ ಉಪಕರಣವೊಂದು ಮೊಬೈಲಿನಲ್ಲಿ ಕಂಡಿತು, ಕೊಳ್ಳಲೇ ಎಂದು ಕೇಳಿದ್ದೀಯ. ಅದಕ್ಕೆ ಭಾವ, "ಅದೆಲ್ಲ ಯಾಕೆ, ಟ್ರ್ಯಾಕ್ಟರಿಗೆ ಕಟ್ಟಿ ಎಳೆದರೆ ಐದು ನಿಮಿಷದ ಕೆಲಸ" ಎಂದಿದ್ದಾರೆ. ಅಕ್ಕ ಕೈಮುಗಿಯುವ ಚಿಹ್ನೆ ಹಾಕಿ ಸುಮ್ಮನಾಗಿದ್ದಾಳೆ. ಅಕ್ಕನಿಗೆ ಮನೆಯವರ ಸ್ವಭಾವ ಚೆನ್ನಾಗಿ ಗೊತ್ತು.

ಭಾವ, ಬೇಸರ ಮಾಡಿಕೊಳ್ಳಬೇಡಿ, ಟ್ರ್ಯಾಕ್ಟರು ಬೇಡವೇ ಬೇಡ. ತಂತಿ ಎಷ್ಟು ಬಿಗಿಯಾಯಿತು ಎನ್ನುವುದು ಡ್ರೈವರಿಗೆ ತಿಳಿಯುವ ಬಗೆಯೇ ಇಲ್ಲ. ಅವನು ಕ್ಲಚ್ ಬಿಡುವಷ್ಟರಲ್ಲಿ ಮುಗಿದಿರುತ್ತದೆ. ಒಂದೋ ತುಕ್ಕು ಹಿಡಿದ ತಂತಿ ಎಲ್ಲೋ ನಡುವೆ ಕಡಿದು ಮುಳ್ಳಿನ ಸಮೇತ ಸುರುಳಿಯಾಗಿ ಹಿಂದಕ್ಕೆ ಬಡಿಯುತ್ತದೆ, ಇಲ್ಲವೇ ಕಲ್ಲುಕಂಬ ನೆಲದ ಮಟ್ಟಕ್ಕೆ ಸರಿಯಾಗಿ ತುಂಡಾಗುತ್ತದೆ. ನಮ್ಮ ಕಡೆಯ ಕಂಬಗಳು ಮರದವಲ್ಲ, ಕಬ್ಬಿಣದವೂ ಅಲ್ಲ. ಕಲ್ಲು ತಲೆಯ ಮೇಲಿನ ಭಾರವನ್ನು ಎಷ್ಟಾದರೂ ಹೊರುತ್ತದೆ, ಪಕ್ಕದಿಂದ ಎಳೆದರೆ ಬಾಗಿ ಸೂಚನೆ ಕೊಡುವ ಜಾತಿ ಅದಲ್ಲ. ನಮ್ಮ ಕೆಲಸದವರು ಹಾರೆಗೆ ತಂತಿ ಸುತ್ತಿ, ಹಾರೆಯನ್ನು ಕಂಬಕ್ಕೆ ಒತ್ತಿ ಮೀಟುತ್ತಾರಲ್ಲ, ಅದರಲ್ಲಿಯೂ ಇದೇ ತೊಂದರೆ. ಮೀಟುವ ಬಲವೆಲ್ಲ ಕಂಬದ ಅಂಚಿನ ಮೇಲೆ ಬೀಳುತ್ತದೆ, ಚಕ್ಕೆ ಏಳುತ್ತದೆ. ಮೇಲಾಗಿ ಹಾರೆ ಹಿಡಿದವನು ಉಸಿರು ಬಿಟ್ಟರೆ ಎಳೆದದ್ದರಲ್ಲಿ ಅರ್ಧ ವಾಪಸ್ಸು.

ಈಗ ನಿನ್ನ ಚಿತ್ರಕ್ಕೆ ಬರುತ್ತೇನೆ. ಆ ಉಪಕರಣ ಕೊಳ್ಳು, ಒಳ್ಳೆಯ ಸಾಮಾನು. ಆದರೆ ಕೊಳ್ಳುವ ಮೊದಲು ನಿನ್ನ ಮೂರನೆಯ ಚಿತ್ರವನ್ನು ನೀನೇ ಇನ್ನೊಮ್ಮೆ ನೋಡು. ತಂತಿ ಜೋತಿದೆ ಎಂದು ತೋರಿಸಲು ತೆಗೆದ ಚಿತ್ರ ಅದು. ನನ್ನ ಕಣ್ಣಿಗೆ ಬಿದ್ದದ್ದು ಹಿಂದೆ ನಿಂತಿರುವ ಮೂಲೆಗಲ್ಲು. ತೋಟದ ಒಳಗಡೆಗೆ ವಾಲಿದೆ, ಬುಡದಲ್ಲಿ ಮಣ್ಣು ಬಾಯಿ ಬಿಟ್ಟಿದೆ. ವಾಲದಂತೆ ಓರೆಯಾಗಿ ಆನಿಸುವ ಸಪೋರ್ಟ್ ಕಲ್ಲು ಒಂದೇ ದಿಕ್ಕಿಗಿದೆ, ಇನ್ನೊಂದು ದಿಕ್ಕಿನದು ಕಾಣಿಸುತ್ತಲೇ ಇಲ್ಲ. ಬೇಲಿ ಜೋಲು ಬಿತ್ತು ಎಂದರೆ ಎಲ್ಲರೂ ತಂತಿಯನ್ನೇ ಬಯ್ಯುತ್ತಾರೆ. ಉಕ್ಕಿನ ತಂತಿ ತಾನಾಗಿ ಅಷ್ಟು ಉದ್ದವಾಗುವುದಿಲ್ಲ. ಬೇಸಿಗೆಯ ಬಿಸಿಲಿಗೆ ಮೂವತ್ತು ಡಿಗ್ರಿ ಹೆಚ್ಚು ಕಾದರೂ ನೂರು ಮೀಟರ್ ತಂತಿ ಹಿಗ್ಗುವುದು ಮೂರೂವರೆ ಸೆಂಟಿಮೀಟರ್, ಅಷ್ಟೇ. ನಿನ್ನ ಬೇಲಿ ಒಂದೊಂದು ಅಂಕಣಕ್ಕೂ, ಅಂದರೆ ಎರಡೆರಡು ಕಂಬಗಳ ನಡುವೆಯೂ, ಗೇಣುದ್ದ ಜೋತಿದೆ. ಮೂಲೆಗಲ್ಲು ವಾಲಿದೆ, ಅದು ಸಾಲದೆಂಬಂತೆ ಜನ ತಂತಿ ತುಳಿದು ದಾಟಿದ್ದಾರೆ, ದನ ಮೈ ಉಜ್ಜಿವೆ.

ಲೆಕ್ಕ ಹಾಕು. ಒಂದು ಎಳೆಗೆ, ಅಂದರೆ ಬೇಲಿಯ ಒಂದು ಸಾಲು ತಂತಿಗೆ, 60 ಕಿಲೋ ತೂಕದಷ್ಟು ಬಿಗಿ ಎಂದಿಟ್ಟುಕೊಂಡರೂ ಐದು ಎಳೆಗೆ 300 ಕಿಲೋ. ಹಗಲಿರುಳು, ಮಳೆಗಾಲದಲ್ಲಿ ಮಣ್ಣು ಮೆತ್ತಗಾದಾಗಲೂ, ಆ ಒಂದು ಕಲ್ಲನ್ನು ಅದು ಎಳೆಯುತ್ತಲೇ ಇರುತ್ತದೆ. ನಡುವಿನ ಕಂಬಗಳಿಗೆ ಈ ಎಳೆತವಿಲ್ಲ, ಅವು ತಂತಿಯನ್ನು ಎತ್ತರದಲ್ಲಿ ಹಿಡಿದುಕೊಂಡಿದ್ದರೆ ಸಾಕು. ಹೊಣೆಯೆಲ್ಲ ಮೂಲೆಯವುಗಳದು. ಹಾಗಾಗಿ ಮೊದಲು ಆ ಕಲ್ಲನ್ನು ನೆಟ್ಟಗೆ ಮಾಡಿಸು, ಬುಡಕ್ಕೆ ಜಲ್ಲಿ ಕಾಂಕ್ರೀಟು ಹಾಕಿಸು, ತಂತಿ ಹೋಗುವ ಎರಡೂ ದಿಕ್ಕಿಗೆ ಒಂದೊಂದು ಸಪೋರ್ಟ್ ಕಲ್ಲು ಓರೆಯಾಗಿ ಕೊಡಿಸು. ಸಪೋರ್ಟ್ ಕಲ್ಲಿನ ಬುಡವೂ ಗಟ್ಟಿ ನೆಲದಲ್ಲಿ ಕೂರಬೇಕು, ಮೇಲ್ಮಣ್ಣಿನಲ್ಲಿ ಇಟ್ಟರೆ ಅದೇ ಜಾರುತ್ತದೆ. ಕಾಂಕ್ರೀಟು ಹಾಕಿದ ಮರುದಿನವೇ ಎಳೆಯಲು ಹೋಗಬೇಡ, ಒಂದು ವಾರವಾದರೂ ನೀರುಣಿಸಿ ಬಿಡು. ನಡುವಿನ ತಗ್ಗು ಇದೆಯಲ್ಲ, ಹಳ್ಳದ ಹತ್ತಿರ, ಅಲ್ಲಿಯೂ ಒಂದು ಗಟ್ಟಿ ಕಂಬ ಬೇಕು. ತಂತಿ ಬಿಗಿಯಾದಂತೆ ನೇರವಾಗಲು ನೋಡುತ್ತದೆ, ತಗ್ಗಿನ ಕಂಬವನ್ನು ಮೇಲಕ್ಕೆ ಕೀಳುತ್ತದೆ. ಹಂದಿ ನುಗ್ಗುವುದೂ ಸಾಮಾನ್ಯವಾಗಿ ಅಂಥ ಕಡೆಯೇ, ಕೆಳಗಿನ ಎಳೆ ನೆಲ ಬಿಟ್ಟು ಎದ್ದಿರುತ್ತದೆ.

ಇನ್ನು ಉಪಕರಣ. ಅಂಗಡಿಯಲ್ಲಿ ವೈರ್ ಸ್ಟ್ರೈನರ್, ಪುಲ್ಲರ್, ಟೆನ್ಷನರ್ ಎಂದು ಒಬ್ಬೊಬ್ಬರು ಒಂದೊಂದನ್ನು ಎತ್ತಿ ಕೊಡುತ್ತಾರೆ, ಚಿತ್ರ ತೋರಿಸಿಯೇ ಕೇಳು. ನಿನಗೆ ಬೇಕಾದದ್ದು ತಂತಿಯನ್ನು ಕಚ್ಚಿ ಹಿಡಿಯುವ ಎರಡು ದವಡೆ ಇರುವಂಥದ್ದು. ಒಂದು ದವಡೆ ಸರಪಳಿಯ ತುದಿಯಲ್ಲಿ, ಇನ್ನೊಂದು ಉಪಕರಣದ ಮೈಗೆ. ನಡುವೆ ಉದ್ದ ಹಿಡಿಕೆ, ಹಿಡಿಕೆಯ ಬುಡದಲ್ಲಿ ಎರಡು ಕೊಕ್ಕೆ. ಹಿಡಿಕೆಯನ್ನು ಅತ್ತ ತಳ್ಳಿದರೆ ಒಂದು ಕೊಕ್ಕೆ ಸರಪಳಿಯ ಭಾರ ಹಿಡಿಯುತ್ತದೆ. ಇತ್ತ ಎಳೆದರೆ ಇನ್ನೊಂದು ಕೊಕ್ಕೆ ಮುಂದಿನ ಕೊಂಡಿಗೆ ಹೋಗಿ ಟಕ್ಕೆಂದು ಕೂರುತ್ತದೆ. ಒಂದೊಂದೇ ಕೊಂಡಿ, ಏಣಿ ಹತ್ತಿದ ಹಾಗೆ. ಕೈ ಬಿಟ್ಟರೂ ಗಳಿಸಿದ್ದು ಹೋಗುವುದಿಲ್ಲ. ಸೊಂಟಕ್ಕೆ ಕೈ ಕೊಟ್ಟು ನಿಂತು, ಬೇಲಿಯುದ್ದಕ್ಕೂ ಒಮ್ಮೆ ಕಣ್ಣು ಹಾಯಿಸಿ, ಇನ್ನೊಂದು ಕೊಂಡಿ ಎಳೆಯಬೇಕೋ ಬೇಡವೋ ಎಂದು ಯೋಚಿಸಬಹುದು. ಟ್ರ್ಯಾಕ್ಟರಿನಲ್ಲಿ ಇದು ಸಾಧ್ಯವೇ, ಭಾವ?

ಅದಕ್ಕಿಂತಲೂ ದೊಡ್ಡ ಅನುಕೂಲವೆಂದರೆ ಇದಕ್ಕೆ ಕಂಬವೇ ಬೇಕಾಗಿಲ್ಲ. ಬೇಲಿಯ ನಡುವೆ ಎಲ್ಲಾದರೂ ತಂತಿ ಕಡಿದಿದ್ದರೆ ಆ ತುಂಡಿಗೆ ಒಂದು ದವಡೆ, ಈ ತುಂಡಿಗೆ ಒಂದು ದವಡೆ ಕಚ್ಚಿಸಿ ಎರಡನ್ನೂ ಒಂದರ ಕಡೆಗೊಂದು ಎಳೆಯಬಹುದು. ಕಡಿದ ತಂತಿ ಮತ್ತೆ ಸೇರುವಷ್ಟು ಉದ್ದ ಇರುವುದಿಲ್ಲ, ಆದ್ದರಿಂದ ಮೊದಲೇ ಒಂದು ತುದಿಗೆ ಎರಡು ಮೊಳ ಹೊಸ ತಂತಿ ಸೇರಿಸಿಕೊಳ್ಳಬೇಕು. ದವಡೆಗಳ ನಡುವೆ ಸಡಿಲವಾಗಿ ಇಳಿಬಿದ್ದ ತುದಿಗಳನ್ನು ಒಂದಕ್ಕೊಂದು ಕುಣಿಕೆ ಹಾಕಿ, ಹಿಂದಕ್ಕೆ ಮಡಿಸಿ ತನ್ನ ಮೈಗೇ ಐದಾರು ಸುತ್ತು ಸುತ್ತಬೇಕು. ಆಮೇಲೆ ಹಿಡಿಕೆಯನ್ನು ಒಂದೊಂದೇ ಕೊಂಡಿಯಂತೆ ಹಿಂದಕ್ಕೆ ಇಳಿಸಿದರೆ ಭಾರ ನಿಧಾನವಾಗಿ ಗಂಟಿನ ಮೇಲೆ ಬಂದು ಕೂರುತ್ತದೆ. ಬೇಗ ಮುಗಿಸೋಣವೆಂದು ಕೊಕ್ಕೆಯನ್ನು ಸುತ್ತಿಗೆಯಿಂದ ಹೊಡೆದು ಬಿಡಿಸುವವರಿದ್ದಾರೆ. ಅಂಥವರಿಗೆ ಉಪಕರಣ ಕೊಡಬೇಡ.

ಕೊಳ್ಳುವಾಗ ದವಡೆಯನ್ನು ಬೆರಳಿಟ್ಟು ನೋಡು. ಒಳಗೆ ಕಚ್ಚುವ ತುಂಡು ಒಂದು ಮೊಳೆಯ ಮೇಲೆ ತಿರುಗುತ್ತದೆ, ತಂತಿ ಎಳೆದಷ್ಟೂ ಅದು ತಂತಿಯನ್ನು ಒತ್ತುತ್ತಾ ಹೋಗುತ್ತದೆ. ಹಲ್ಲು ತೀರ ಚೂಪಾಗಿದ್ದರೆ ಹಿಡಿತ ಚೆನ್ನಾಗಿರುತ್ತದೆ, ಆದರೆ ತಂತಿಯ ಸತುವಿನ ಲೇಪ ಕೆರೆದುಹೋಗುತ್ತದೆ, ಮುಂದಿನ ಮಳೆಗಾಲಕ್ಕೆ ಅದೇ ಜಾಗದಲ್ಲಿ ತುಕ್ಕು. ಮುಳ್ಳುತಂತಿಯ ಒಂದೊಂದು ಸಾಲೂ ಎರಡು ಸಣ್ಣ ತಂತಿ ಹೊಸೆದದ್ದು. ದವಡೆ ಎರಡನ್ನೂ ಸಮವಾಗಿ ಹಿಡಿಯಬೇಕು. ಒಂದೇ ಸಿಕ್ಕಿದರೆ ಇನ್ನೊಂದು ಜಾರಿ ಗಂಟಾಗುತ್ತದೆ. ಎರಡು ಮುಳ್ಳಿನ ನಡುವಿನ ಬರಿಯ ಭಾಗಕ್ಕೆ ಕಚ್ಚಿಸು, ಮುಳ್ಳಿನ ಮೇಲೆ ಬೇಡ. ಅಂಗಡಿಗೆ ಹೋಗುವಾಗ ನಿನ್ನ ಬೇಲಿಯ ತಂತಿಯದೇ ಒಂದು ತುಂಡನ್ನು ಜೇಬಿಗೆ ಹಾಕಿಕೊಂಡು ಹೋಗಿ ಕಚ್ಚಿಸಿ ನೋಡು. ತಂತಿಯ ದಪ್ಪವನ್ನು ಹನ್ನೆರಡು ಗೇಜು, ಹದಿನಾಲ್ಕು ಗೇಜು ಎಂದು ಬಾಯಲ್ಲಿ ಹೇಳುವುದಕ್ಕಿಂತ ಅದು ವಾಸಿ. ಎಣ್ಣೆ ಹಾಕುವುದಿದ್ದರೆ ಮೊಳೆಗೆ ಮಾತ್ರ, ದವಡೆಯ ಹಲ್ಲಿಗೆ ಹಾಕಿದರೆ ಜಾರುತ್ತದೆ. ಹಲ್ಲಿಗೆ ತಂತಿಯ ಬ್ರಷ್ಷು ಸಾಕು.

ಈ ಸಾಮಾನು ನ್ಯೂಜಿಲೆಂಡಿನ ಕುರಿಗಾವಲಿನ ಕಡೆ ಮನೆಮನೆಯಲ್ಲಿ ಇರುತ್ತದೆ. ಅಲ್ಲಿನ ಒಟಾಗೋ ಪ್ರಾಂತ್ಯದ ಒಟುರೆಹುವಾ ಎಂಬ ಸಣ್ಣ ಊರಿನಲ್ಲಿ ಅರ್ನೆಸ್ಟ್ ಹೇಯ್ಸ್ ಎನ್ನುವವನು 1895ರಲ್ಲಿ ಕಾರ್ಯಾಗಾರ ಶುರು ಮಾಡಿದ. ಮೊದಲು ತಯಾರಿಸಿದ್ದು ಮೊಲಗಳಿಗೆ ಇಡುವ ವಿಷದ ಉಂಡೆ ಕತ್ತರಿಸುವ ಯಂತ್ರ. 1924ರಲ್ಲಿ ರೂಪಿಸಿದ ತಂತಿ ಬಿಗಿಯುವ ಉಪಕರಣ ಅವನ ಹೆಸರನ್ನು ದೇಶದೇಶಕ್ಕೆ ಒಯ್ದಿತು, ಈಗಲೂ ಮಾರಾಟದಲ್ಲಿದೆ. ಆದರೆ ನನಗೆ ಇಷ್ಟವಾಗುವುದು ಅವನ ಹೆಂಡತಿ ಹನ್ನಾ. ಆ ಗುಡ್ಡಗಾಡಿನಲ್ಲಿ ಸೈಕಲ್ ತುಳಿದುಕೊಂಡು ಹೊಲಮನೆಗಳಿಗೆ ಹೋಗಿ ಮಾಲಿಗೆ ಆರ್ಡರು ತಂದವಳು ಅವಳು. ಯಂತ್ರ ಮಾಡಿದವನ ಹೆಸರು ಪೆಟ್ಟಿಗೆಯ ಮೇಲಿದೆ, ಮಾರಿದವಳ ಹೆಸರು ಹುಡುಕಿದರೆ ಮಾತ್ರ ಸಿಗುತ್ತದೆ. ಅಕ್ಕಾ, ಇದು ನಿನಗಾಗಿ ಹೇಳಿದ್ದು. ಆ ಕಾರ್ಯಾಗಾರವನ್ನು ಈಗ ಅಲ್ಲಿನ ಪರಂಪರೆ ಸಂಸ್ಥೆ ಕಾಪಾಡಿ ಇಟ್ಟಿದೆ.

ಸರಿ, ಎಳೆಯುವ ದಿನದ ಮಾತು. ಮುಖ್ಯವಾದದ್ದು ಇದು, ಸರಿಯಾಗಿ ಕೇಳಿಸಿಕೋ. ಹಳೆಯ ಬೇಲಿಯಲ್ಲಿ ಮುಳ್ಳುತಂತಿಯನ್ನು ಪ್ರತಿ ಕಂಬಕ್ಕೂ ಸಣ್ಣ ಕಟ್ಟುತಂತಿಯಿಂದ ಬಿಗಿದಿರುತ್ತಾರೆ. ಅದನ್ನು ಸಡಿಲಿಸದೆ ಒಂದು ತುದಿಯಲ್ಲಿ ನೀನು ಎಷ್ಟೇ ಎಳೆದರೂ ಬಿಗಿ ಮೊದಲ ಎರಡು ಮೂರು ಕಂಬಗಳಾಚೆ ಹೋಗುವುದಿಲ್ಲ, ಮುಳ್ಳುಗಳು ಕಟ್ಟಿಗೆ ಸಿಕ್ಕಿಕೊಳ್ಳುತ್ತವೆ. ತುದಿಯಲ್ಲಿ ತಂತಿ ಟಣಟಣ ಎನ್ನುತ್ತಿರುತ್ತದೆ, ಹಳ್ಳದ ಹತ್ತಿರ ಮೇಕೆ ಆರಾಮಾಗಿ ಒಳಗೆ ಬರುತ್ತಿರುತ್ತದೆ. ಆದ್ದರಿಂದ ಒಬ್ಬನನ್ನು ಇಕ್ಕಳ ಕೊಟ್ಟು ಮುಂದೆ ಕಳುಹಿಸು, ಪ್ರತಿ ಕಟ್ಟನ್ನೂ ತಂತಿ ಸರಿದಾಡುವಷ್ಟು ಬಿಚ್ಚಲಿ, ಪೂರ್ತಿ ಕಿತ್ತುಹಾಕುವುದು ಬೇಡ. ಎಳೆಯುವಾಗ ಅವನು ಬೇಲಿಯುದ್ದಕ್ಕೂ ನಡೆಯುತ್ತಾ ಸಿಕ್ಕಿಕೊಂಡ ಕಡೆ ಕೋಲಿನಿಂದ ತಟ್ಟಲಿ. ನಿನ್ನ ಬೇಲಿ ಉದ್ದವಿದೆ, ಒಂದೇ ತುದಿಯಿಂದ ಪೂರ್ತಿ ಎಳೆಯುವುದಕ್ಕಿಂತ ಒಂದೊಂದು ಗಟ್ಟಿ ಕಂಬದಿಂದ ಇನ್ನೊಂದು ಗಟ್ಟಿ ಕಂಬದವರೆಗೆ ಮಾಡಿಕೊಂಡು ಹೋಗು. ಐದೂ ಎಳೆ ಮುಗಿದ ಮೇಲೆ ಮೊದಲು ಎಳೆದದ್ದನ್ನು ಮತ್ತೆ ಮುಟ್ಟಿ ನೋಡು. ಮೂಲೆಗಲ್ಲು ಸ್ವಲ್ಪ ಕೂತಿರುತ್ತದೆ, ಅದು ಸಡಿಲವಾಗಿರುತ್ತದೆ. ಎರಡನೆಯ ಸುತ್ತು ಬೇಕೇ ಬೇಕು.

ಎಷ್ಟು ಬಿಗಿ ಸಾಕು ಎಂದು ನೀನು ಕೇಳಿದ್ದೀಯ. ಕಟ್ಟುತಂತಿ ಬಿಗಿಯುವ ಮೊದಲೇ ಇದನ್ನು ಮಾಡು. ಕಂಬದಿಂದ ಕಂಬಕ್ಕೆ ಹತ್ತು ಅಡಿ, ಅಂದರೆ ಮೂರು ಮೀಟರ್ ಇದೆ ತಾನೆ? ಐದು ಲೀಟರಿನ ಎಣ್ಣೆ ಡಬ್ಬಿಗೆ ನೀರು ತುಂಬಿಸಿ, ಎರಡು ಕಂಬಗಳ ಸರಿ ನಡುವೆ ತಂತಿಗೆ ತೂಗು ಹಾಕು. ಡಬ್ಬಿ ಸೇರಿ ಸುಮಾರು ಐದು ಕಿಲೋ. ತಂತಿ ಆರು ಸೆಂಟಿಮೀಟರಿನಷ್ಟು ಕೆಳಗಿಳಿದರೆ ಬಿಗಿ 60 ಕಿಲೋದ ಆಸುಪಾಸಿನಲ್ಲಿದೆ ಎಂದರ್ಥ, ನಮ್ಮ ಕಲ್ಲುಕಂಬದ ಮುಳ್ಳುಬೇಲಿಗೆ ಅಷ್ಟು ಸಾಕು. ಹದಿನೈದು ಇಳಿದರೆ ಬಿಗಿ 25 ಕಿಲೋ, ಇನ್ನೂ ಎಳೆಯಬೇಕು. ಮೂರೇ ಇಳಿದರೆ 125 ದಾಟಿದೆ, ಎರಡು ಕೊಂಡಿ ಹಿಂದಕ್ಕೆ ಬಿಡು. ಕಟ್ಟು ಬಿಗಿದ ಮೇಲೆ ತೂಗಿದರೆ ಈ ಲೆಕ್ಕ ಸುಳ್ಳಾಗುತ್ತದೆ, ತಂತಿ ಅಕ್ಕಪಕ್ಕದಿಂದ ಸರಿದು ಬರಲಾರದು, ಸಡಿಲವಿದ್ದರೂ ಗಟ್ಟಿ ಎನಿಸುತ್ತದೆ. ಮಧ್ಯಾಹ್ನದ ಬಿಸಿಲಿನಲ್ಲಿ ಎಳೆಯುವುದಾದರೆ ಸ್ವಲ್ಪ ಕಡಿಮೆಗೇ ನಿಲ್ಲಿಸು. ಧನುರ್ಮಾಸದ ಬೆಳಗಿನ ಚಳಿಗೆ ಅದು ತಾನೇ ಇನ್ನಷ್ಟು ಬಿಗಿಯುತ್ತದೆ.

ಚರ್ಮದ ಕೈಗವಸು ಬೇಕು, ಬಟ್ಟೆಯದನ್ನು ಮುಳ್ಳು ಕೇಳುವುದಿಲ್ಲ. ಕಣ್ಣಿಗೆ ಕನ್ನಡಕ. ಎಳೆಯುವಾಗ ತಂತಿಯ ನೇರಕ್ಕೆ ಯಾರೂ ನಿಲ್ಲಕೂಡದು, ಮಕ್ಕಳನ್ನು ಬೇಲಿಯ ಹತ್ತಿರವೂ ಬಿಡಬೇಡ. ಬೆರಳಿನಿಂದ ಉಜ್ಜಿದರೆ ಪುಡಿ ಉದುರುವಷ್ಟು ತುಕ್ಕು ಹಿಡಿದ ಎಳೆ ಇದ್ದರೆ ಅದನ್ನು ಎಳೆಯುವ ಆಸೆಯನ್ನೇ ಬಿಟ್ಟು ಹೊಸದು ಹಾಕಿಸು. ನಿನ್ನ ಕೆಳಗಿನ ಎರಡು ಎಳೆ ಆ ಜಾತಿಯವು ಎಂದು ನನಗೆ ಅನುಮಾನ, ಹುಲ್ಲಿನ ತೇವದಲ್ಲೇ ಇದ್ದವು.

ಇನ್ನೊಂದು. ಗುಂಪಿನಲ್ಲಿ ಯಾರೋ "ಬಿಗಿದ ಮೇಲೆ ಅದಕ್ಕೇ ಕರೆಂಟು ಕೊಟ್ಟುಬಿಡಿ, ಹಂದಿ ಕಾಟವೂ ತಪ್ಪುತ್ತದೆ" ಎಂದು ಹಾಕಿದ್ದಾರೆ. ಹೆಸರು ಹೇಳುವುದಿಲ್ಲ, ಆದರೆ ತಮಾಷೆಗೂ ಹಾಗೆ ಹೇಳಬೇಡಿ. ಬೇಲಿಗೆ ನೇರವಾಗಿ ಲೈನಿನಿಂದ ಕರೆಂಟು ಎಳೆದು ಆನೆಗಳೂ ಸತ್ತಿವೆ, ಬೇಲಿ ಹಾಕಿದ ಮನೆಯವರೂ ಸತ್ತಿದ್ದಾರೆ, ಉಳಿದವರು ಜೈಲು ನೋಡಿದ್ದಾರೆ. ಸೋಲಾರ್ ಬೇಲಿ ಬೇರೆಯೇ ವಿಷಯ. ಅದರ ಯಂತ್ರ ಕ್ಷಣಮಾತ್ರದ ಹೊಡೆತವನ್ನು ಬಿಟ್ಟು ಬಿಟ್ಟು ಕೊಡುತ್ತದೆ, ತಂತಿಯೂ ಮುಳ್ಳಿಲ್ಲದ ನುಣುಪು ತಂತಿಯೇ ಆಗಿರಬೇಕು. ಮುಳ್ಳಿಗೆ ಸಿಕ್ಕಿಕೊಂಡ ಪ್ರಾಣಿಗೆ ಬಿಡಿಸಿಕೊಳ್ಳಲಾಗದೆ ಹೊಡೆತ ತಿನ್ನುತ್ತಲೇ ಇರಬೇಕಾಗುತ್ತದೆ.

ಪುಟ್ಟಾ, ಇವತ್ತು ಸಂಜೆಯೊಳಗೆ ಎರಡು ಕೆಲಸ ಮಾಡು. ನಾಲ್ಕೂ ಮೂಲೆಗಲ್ಲುಗಳ ಚಿತ್ರವನ್ನು ಬುಡ ಕಾಣುವ ಹಾಗೆ ತೆಗೆದು ಕಳುಹಿಸು. ತಗ್ಗಿನಿಂದ ಪಡುವಣ ಮೂಲೆಯವರೆಗೆ ಎಷ್ಟು ಉದ್ದ ಎಂದು ಅಳೆದು ಹೇಳು. ಕಲ್ಲಿನ ಕೆಲಸ ಮುಗಿಯುವವರೆಗೆ ಉಪಕರಣ ಕೊಳ್ಳುವ ಆತುರ ಬೇಡ, ನಮ್ಮ ಮನೆಯಲ್ಲಿ ಇರುವುದನ್ನು ಹಾಸನದಿಂದ ಅರಸೀಕೆರೆಗೆ ಬರುವವರ ಕೈಯಲ್ಲಿ ಕೊಟ್ಟು ಕಳುಹಿಸುತ್ತೇನೆ, ಬಳಸಿ ನೋಡಿ ಆಮೇಲೆ ನಿನ್ನದು ಕೊಳ್ಳುವಿಯಂತೆ. ಭಾವ, ಟ್ರ್ಯಾಕ್ಟರಿನಲ್ಲಿ ಜಲ್ಲಿ ಮತ್ತು ಸಪೋರ್ಟ್ ಕಲ್ಲು ತಂದುಕೊಡುವ ಕೆಲಸ ನಿಮ್ಮದು.