ಅಪರೂಪಕ್ಕೆ ಓಡಿಸುವ ಕಾರು: ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿಟ್ಟರೆ ಸಾಕೇ?

ನಿಂತಚಕ್ರ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಏಳು ವರ್ಷ ಹಳೆಯದಾದ ಒಂದು ಪೆಟ್ರೋಲ್ ಕಾರಿದೆ. ಕಚೇರಿಯ ಕೆಲಸವೆಲ್ಲ ಮನೆಯಿಂದಲೇ ನಡೆಯುವುದರಿಂದ ಅದು ಶೆಡ್ಡಿನಿಂದ ಹೊರಬರುವುದೇ ಅಪರೂಪವಾಗಿದೆ. ತಿಂಗಳಿಗೊಮ್ಮೆ ಹೊರಟರೆ ಅದೇ ಹೆಚ್ಚು, ಕೆಲವು ಸಲ ಎರಡು ಮೂರು ತಿಂಗಳು ನಿಂತಲ್ಲೇ ನಿಂತಿರುವುದೂ ಉಂಟು. ಆದರೂ ವಯಸ್ಸಾದವರಿರುವ ಮನೆಯಾದ್ದರಿಂದ, ಅಪರಾತ್ರಿಯಲ್ಲಿ ಬೇಕಾದರೂ ಗಾಡಿ ಸಿದ್ಧವಿರಬೇಕೆಂಬ ಕಾರಣಕ್ಕೆ ಅದನ್ನು ಮಾರುವ ಯೋಚನೆ ನಮಗಿಲ್ಲ.

ಸದ್ಯ ನಾವು ಪಾಲಿಸುತ್ತಿರುವ ಕ್ರಮವೆಂದರೆ, ವಾರಕ್ಕೊಮ್ಮೆ ನಿಂತಲ್ಲೇ ಇಂಜಿನ್ ಸ್ಟಾರ್ಟ್ ಮಾಡಿ, ಹತ್ತು ನಿಮಿಷ ಓಡಲು ಬಿಟ್ಟು ಆಫ್ ಮಾಡುವುದು. ಇಷ್ಟು ಮಾಡಿದರೂ ಈಚೆಗೆ ಬೆಳಗಿನ ಹೊತ್ತು ಸ್ಟಾರ್ಟರ್ ಸೋತ ದನಿಯಲ್ಲಿ ತಿರುಗುತ್ತಿದೆ, ಮತ್ತು ಗಾಡಿಯನ್ನು ಹೊರತೆಗೆದಾಗ ಮೊದಲ ಕೆಲವು ಬಾರಿ ಬ್ರೇಕ್ ಒತ್ತಿದರೆ ಕರಕರ ಶಬ್ದ ಬರುತ್ತಿದೆ. ಕಿಲೋಮೀಟರ್ ಲೆಕ್ಕದಲ್ಲಿ ನೋಡಿದರೆ ಆಯಿಲ್ ಬದಲಿಸುವ ಗಡುವು ಇನ್ನೂ ಬಹಳ ದೂರವಿದೆ. ನಮ್ಮ ಕ್ರಮ ಸರಿಯೇ, ಅಲ್ಲವಾದರೆ ಏನು ಮಾಡಬೇಕು ಎಂಬುದನ್ನು ತಿಳಿದವರು ಹೇಳಿಕೊಡಬೇಕಾಗಿ ವಿನಂತಿ.

ಸ್ಪ್ಯಾನರ್

ನಿಂತಲ್ಲೇ ಹತ್ತು ನಿಮಿಷ ಓಡಿಸಿ ನಿಲ್ಲಿಸುವುದಕ್ಕಿಂತ ಗಾಡಿಯನ್ನು ಸುಮ್ಮನೆ ಬಿಡುವುದೇ ಮೇಲು ಎಂದರೆ ನಿಮಗೆ ಆಶ್ಚರ್ಯವಾಗಬಹುದು, ಆದರೆ ನನ್ನ ಖಚಿತ ಅಭಿಪ್ರಾಯ ಅದೇ. 1 ಲೀಟರ್ ಪೆಟ್ರೋಲ್ ಉರಿದಾಗ ಹೆಚ್ಚುಕಡಿಮೆ 1 ಲೀಟರಿನಷ್ಟೇ ನೀರು ಆವಿಯಾಗಿ ಹುಟ್ಟುತ್ತದೆ. ಬಿಸಿಯಾದ ಇಂಜಿನ್‌ನಲ್ಲಿ ಈ ಆವಿ ಸೈಲೆನ್ಸರಿನ ಮೂಲಕ ಹೊರಟುಹೋಗುತ್ತದೆ. ತಣ್ಣಗಿನ ಇಂಜಿನ್‌ನಲ್ಲಿ ಅದರ ಒಂದು ಪಾಲು ಪಿಸ್ಟನ್ ರಿಂಗುಗಳ ಸಂದಿನಿಂದ ಕೆಳಗಿಳಿದು ಆಯಿಲ್‌ಗೆ ಸೇರುತ್ತದೆ, ಇನ್ನೊಂದು ಪಾಲು ಸೈಲೆನ್ಸರಿನೊಳಗೇ ತಂಗಿ ಒಳಗಿನಿಂದ ತುಕ್ಕು ಹಿಡಿಸುತ್ತದೆ. ಇಂಜಿನ್ ತಣ್ಣಗಿರುವಾಗ ಇಂಧನವನ್ನೂ ಹೆಚ್ಚಾಗಿಯೇ ಸಿಂಪಡಿಸಲಾಗುವುದರಿಂದ, ಪೂರ್ತಿ ಉರಿಯದ ಪೆಟ್ರೋಲ್ ಕೂಡ ಆಯಿಲ್‌ಗೆ ಬೆರೆತು ಅದನ್ನು ತೆಳುವಾಗಿಸುತ್ತದೆ. ತಾಪಮಾನದ ಮುಳ್ಳು ಮಧ್ಯಕ್ಕೆ ಬಂದಿತಲ್ಲ ಎಂದು ನೀವು ಕೇಳಬಹುದು. ಆ ಮುಳ್ಳು ತೋರಿಸುವುದು ಕೂಲಂಟಿನ ಬಿಸಿಯನ್ನು ಮಾತ್ರ. ಆಯಿಲ್ ಅದಕ್ಕಿಂತ ಬಹಳ ನಿಧಾನವಾಗಿ ಕಾಯುತ್ತದೆ, ನಿಂತ ಗಾಡಿಯಲ್ಲಂತೂ ಇನ್ನೂ ನಿಧಾನ.

ಇಂಜಿನ್ ಪೂರ್ತಿ ತಣ್ಣಗಿರುವಾಗ ಆಯಿಲ್ ಸುರಿಯುವ ಮುಚ್ಚಳವನ್ನು ತಿರುಗಿಸಿ ತೆಗೆದು ಅದರ ಒಳಮೈ ನೋಡಿ. ಅಲ್ಲಿ ಕೆನೆಬಣ್ಣದ, ಬೆರಳಿಗೆ ಮೆತ್ತಿಕೊಳ್ಳುವ ಪದರವಿದ್ದರೆ ಅದು ಆಯಿಲ್ ಮತ್ತು ನೀರು ಕಲೆತು ಆದದ್ದು. ಅದರ ಜೊತೆಗೆ ಕೂಲಂಟ್ ಮಟ್ಟವೂ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಇಂಜಿನ್ನಿನ ಮೇಲ್ಭಾಗ ಮತ್ತು ಕೆಳಭಾಗದ ನಡುವಿನ ಸೀಲು) ಸೋರಿಕೆಯ ಅನುಮಾನವಿರುವುದರಿಂದ ಮೆಕ್ಯಾನಿಕ್‌ಗೆ ತೋರಿಸಲೇಬೇಕು. ಕೂಲಂಟ್ ಇದ್ದಷ್ಟೇ ಇದ್ದರೆ, ಅದು ಬಹುತೇಕ ಈ ಹತ್ತು ನಿಮಿಷದ ಓಟಗಳ ಫಲ.

ಆದ್ದರಿಂದ ಎರಡು ಮೂರು ವಾರಕ್ಕೊಮ್ಮೆ ಅರ್ಧ ಗಂಟೆಗೆ ಕಡಿಮೆಯಿಲ್ಲದಂತೆ ಗಾಡಿಯನ್ನು ರಸ್ತೆಯಲ್ಲೇ ಓಡಿಸಿ, ಸಾಧ್ಯವಾದರೆ ಸಿಗ್ನಲ್‌ಗಳಿಲ್ಲದೆ ಸರಾಗವಾಗಿ ಸಾಗುವ ದಾರಿಯಲ್ಲಿ. ಅದೇ ಓಟದಲ್ಲಿ ಎಸಿಯನ್ನೂ ಹತ್ತು ನಿಮಿಷ ಹಾಕಿ, ಏಕೆಂದರೆ ಕಂಪ್ರೆಸರಿನ ಸೀಲುಗಳಿಗೆ ಎಣ್ಣೆ ತಲುಪುವುದು ಅದು ತಿರುಗಿದಾಗ ಮಾತ್ರ. ಆಯಿಲ್ ವಿಷಯದಲ್ಲಿ ಕಿಲೋಮೀಟರ್ ಲೆಕ್ಕವನ್ನು ಮರೆತು ತಿಂಗಳ ಲೆಕ್ಕ ಹಿಡಿಯಿರಿ; ಗಾಡಿಯ ಕೈಪಿಡಿಯಲ್ಲಿ ಎರಡೂ ಗಡುವುಗಳಿರುತ್ತವೆ, ಯಾವುದು ಮೊದಲು ಬರುವುದೋ ಅದೇ ಅನ್ವಯ, ಮತ್ತು ನಿಮ್ಮಂಥವರಿಗೆ ಮೊದಲು ಬರುವುದು ಯಾವಾಗಲೂ ಕಾಲದ ಗಡುವೇ. ಟೈಮಿಂಗ್ ಬೆಲ್ಟ್ ಇರುವ ಇಂಜಿನ್ ಆದರೆ ಅದಕ್ಕೂ ವರ್ಷಗಳ ಮಿತಿಯಿದೆ ಎಂಬುದನ್ನು ಗಮನಿಸಿ.

ಬ್ರೇಕಿನ ಕರಕರ ಶಬ್ದದ ಬಗ್ಗೆ ಸದ್ಯಕ್ಕೆ ಗಾಬರಿ ಬೇಡ. ಬ್ರೇಕ್ ಡಿಸ್ಕ್ ಎರಕದ ಕಬ್ಬಿಣದ್ದಾದ್ದರಿಂದ ತೇವದ ಗಾಳಿಗೆ ಒಂದೇ ರಾತ್ರಿಯಲ್ಲಿ ಅದರ ಮೇಲೆ ಕಿತ್ತಳೆ ಬಣ್ಣದ ತೆಳು ತುಕ್ಕು ಕೂರುತ್ತದೆ, ನಾಲ್ಕಾರು ಸಲ ಬ್ರೇಕ್ ಒತ್ತಿದರೆ ಪ್ಯಾಡ್ ಅದನ್ನು ಒರೆಸಿಬಿಡುತ್ತದೆ. ಹಲವು ಕಿಲೋಮೀಟರ್ ಓಡಿದ ಮೇಲೂ ಶಬ್ದ ನಿಲ್ಲದಿದ್ದರೆ, ಅಥವಾ ಪೆಡಲ್ ನಡುಗಿದರೆ ಚಕ್ರ ಬಿಚ್ಚಿಸಿ ನೋಡಿಸಬೇಕು.

ವೋಲ್ಟ್‌ಮೀಟರ್

ಸ್ಪ್ಯಾನರ್ ಅವರು ಇಂಜಿನ್ ಬಗ್ಗೆ ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಅವರು ಸೂಚಿಸಿದ ಅರ್ಧ ಗಂಟೆಯ ಓಟ ಬ್ಯಾಟರಿಯ ಸಮಸ್ಯೆಯನ್ನು ಬಗೆಹರಿಸುವುದಿಲ್ಲ. ಲೆಕ್ಕ ಹಾಕಿ ನೋಡೋಣ. ಗಾಡಿ ಬೀಗ ಹಾಕಿ ನಿಂತಿರುವಾಗಲೂ ಅಲಾರಂ, ಗಡಿಯಾರ, ರಿಮೋಟಿನ ಸಂಕೇತಕ್ಕೆ ಕಾಯುವ ಘಟಕ ಮುಂತಾದವು ಬ್ಯಾಟರಿಯಿಂದ ಅಲ್ಪ ವಿದ್ಯುತ್ತನ್ನು ಎಳೆಯುತ್ತಲೇ ಇರುತ್ತವೆ. ಇದು 30 ಮಿಲಿಆಂಪಿಯರ್ ಇದೆಯೆಂದು ಹಿಡಿದರೆ, ಆ ಮಟ್ಟ ಸಹಜವೇ, ವಾರಕ್ಕೆ ಸುಮಾರು 5 ಆಂಪಿಯರ್-ಗಂಟೆ ಖರ್ಚಾಗುತ್ತದೆ. ನಿಂತಲ್ಲೇ ಓಡುವ ಇಂಜಿನ್‌ನ ಆಲ್ಟರ್ನೇಟರ್, ಅಂದರೆ ಬ್ಯಾಟರಿಯನ್ನು ತುಂಬುವ ವಿದ್ಯುತ್ ಯಂತ್ರ, 10 ಆಂಪಿಯರ್ ಕೊಟ್ಟಿತೆಂದುಕೊಂಡರೂ ಹತ್ತು ನಿಮಿಷದಲ್ಲಿ ಮರಳುವುದು 1.7 ಆಂಪಿಯರ್-ಗಂಟೆಗಿಂತ ಕಡಿಮೆ. ಸ್ಟಾರ್ಟ್ ಮಾಡುವುದಕ್ಕೇ ಬ್ಯಾಟರಿಯೆಲ್ಲ ಖಾಲಿಯಾಗುತ್ತದೆಂಬ ಮಾತು ಉತ್ಪ್ರೇಕ್ಷೆ, ಸ್ಟಾರ್ಟರ್ ನೂರಾರು ಆಂಪಿಯರ್ ಎಳೆದರೂ ಅದು ಕೆಲವೇ ಸೆಕೆಂಡುಗಳ ಮಾತು. ನಿಜವಾದ ಸೋರಿಕೆ ಇರುವುದು ಗಾಡಿ ಸುಮ್ಮನೆ ನಿಂತ ಅಷ್ಟೂ ಗಂಟೆಗಳಲ್ಲಿ. ಮೂರು ವಾರಕ್ಕೆ 15 ಆಂಪಿಯರ್-ಗಂಟೆ ಕಳೆದುಕೊಂಡ ಬ್ಯಾಟರಿಯನ್ನು ಅರ್ಧ ಗಂಟೆಯ ಓಟ ತುಂಬಲಾರದು, ಏಕೆಂದರೆ ಸೀಸದ ಬ್ಯಾಟರಿ ತುಂಬುತ್ತ ಬಂದ ಹಾಗೆಲ್ಲ ವಿದ್ಯುತ್ತನ್ನು ನಿಧಾನವಾಗಿ ಸ್ವೀಕರಿಸುತ್ತದೆ, ಕೊನೆಯ ಭಾಗಕ್ಕೇ ಹಲವು ಗಂಟೆ ಬೇಕು.

ಒಂದು ಸಾಧಾರಣ ಮಲ್ಟಿಮೀಟರ್ ಇಟ್ಟುಕೊಳ್ಳಿ. ಗಾಡಿ ರಾತ್ರಿಯಿಡೀ ನಿಂತ ಮೇಲೆ ಅಳೆದಾಗ 12.6 ವೋಲ್ಟ್ ಅಥವಾ ಅದಕ್ಕಿಂತ ತುಸು ಹೆಚ್ಚಿದ್ದರೆ ಬ್ಯಾಟರಿ ತುಂಬಿದೆ ಎಂದರ್ಥ, 12.4 ಎಂದರೆ ಮುಕ್ಕಾಲು, 12.2 ಎಂದರೆ ಅರ್ಧ, 12.0 ಎಂದರೆ ಕಾಲು ಭಾಗವಷ್ಟೇ ಉಳಿದಿದೆ. ಅರೆಬರೆ ತುಂಬಿದ ಸ್ಥಿತಿಯಲ್ಲಿ ವಾರಗಟ್ಟಲೆ ಬಿಟ್ಟರೆ ಫಲಕಗಳ ಮೇಲಿನ ಸೀಸದ ಸಲ್ಫೇಟ್ ಗಟ್ಟಿ ಹರಳಾಗಿ ಕೂತು ಮತ್ತೆ ಕರಗದಂತಾಗುತ್ತದೆ. ಅಪರೂಪಕ್ಕೆ ಓಡುವ ಗಾಡಿಗಳ ಬ್ಯಾಟರಿ ಅಕಾಲದಲ್ಲಿ ಸಾಯುವುದು ಬಹುಪಾಲು ಹೀಗೆಯೇ.

ನಿಮ್ಮ ಗಾಡಿ ಅಪರಾತ್ರಿಯಲ್ಲೂ ಸಿದ್ಧವಿರಬೇಕು ಎಂದಿದ್ದೀರಿ. ಹಾಗಿದ್ದರೆ ಶೆಡ್ಡಿನಲ್ಲಿ ಪ್ಲಗ್ ಪಾಯಿಂಟ್ ಇರುವ ಪಕ್ಷದಲ್ಲಿ, ತುಂಬಿದ ಮೇಲೆ ತಾನಾಗಿಯೇ ಪ್ರವಾಹ ತಗ್ಗಿಸುವ ಸ್ಮಾರ್ಟ್ ಚಾರ್ಜರ್ ಒಂದನ್ನು ಸದಾ ಜೋಡಿಸಿಡುವುದೇ ಸರಿಯಾದ ಪರಿಹಾರ. ಅದು ನಿಮ್ಮ ಬ್ಯಾಟರಿಯ ಬಗೆಗೆ ಹೊಂದುತ್ತದೆಯೇ ಎಂದು ಕೊಳ್ಳುವ ಮೊದಲೇ ನೋಡಿಕೊಳ್ಳಿ. ಬೆಲೆ ಕಡಿಮೆಯೆಂದು ಹಳೆಯ ಮಾದರಿಯ, ತಾನಾಗಿ ನಿಲ್ಲದ ಚಾರ್ಜರನ್ನು ಮಾತ್ರ ದಿನಗಟ್ಟಲೆ ಬಿಡಬೇಡಿ, ಬ್ಯಾಟರಿಯ ನೀರೆಲ್ಲ ಆರಿಹೋದೀತು.

ಹಳೆಗಾಡಿ

ಇಂಧನದ ಮಾತು ಯಾರೂ ಎತ್ತಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ನಿಲ್ಲಿಸಿಡುವ ಗಾಡಿಯ ಟ್ಯಾಂಕನ್ನು ಯಾವಾಗಲೂ ಪೂರ್ತಿ ತುಂಬಿಸಿಡಬೇಕು ಎಂಬ ಸಲಹೆ ಎಲ್ಲೆಡೆ ಕಾಣಿಸುತ್ತದೆ, ಆದರೆ ಅದು ತಿಂಗಳುಗಟ್ಟಲೆ ಕದಲದ ಗಾಡಿಗೆ ಹೇಳಿದ್ದು. ಟ್ಯಾಂಕ್ ತುಂಬಿದ್ದರೆ ಒಳಗೆ ಗಾಳಿಗೆ ಜಾಗ ಕಡಿಮೆ, ತೇವ ಸೇರುವುದೂ ಕಡಿಮೆ ಎಂಬುದು ಅದರ ತರ್ಕ. ತಿಂಗಳಿಗೊಮ್ಮೆ ಸ್ವಲ್ಪ ದೂರ ಓಡುವ ನಿಮ್ಮಂಥ ಗಾಡಿಗೆ ಪೂರ್ತಿ ತುಂಬಿಸಿದರೆ ಅದೇ ಪೆಟ್ರೋಲ್ ವರ್ಷವಿಡೀ ಉಳಿಯುತ್ತದೆ, ಮತ್ತು ಹಳೆಯದಾದ ಪೆಟ್ರೋಲ್‌ನಲ್ಲಿ ಹಗುರವಾದ ಅಂಶಗಳು ಆವಿಯಾಗಿ, ಉಳಿದದ್ದು ಗಾಳಿಯೊಡನೆ ಸೇರಿ ಅಂಟಾಗುತ್ತದೆ. ಎಥೆನಾಲ್ ಬೆರೆತ ಪೆಟ್ರೋಲ್ ತೇವವನ್ನು ಹೀರಿಕೊಳ್ಳುತ್ತದೆ, ಮಿತಿಮೀರಿದಾಗ ನೀರೂ ಎಥೆನಾಲೂ ಒಟ್ಟಾಗಿ ಬೇರ್ಪಟ್ಟು ಟ್ಯಾಂಕಿನ ತಳಕ್ಕಿಳಿಯುತ್ತವೆ. ಆದ್ದರಿಂದ ಅರ್ಧ ಟ್ಯಾಂಕ್ ಇಟ್ಟುಕೊಂಡು, ಇಳಿದ ಹಾಗೆಲ್ಲ ಹೊಸದನ್ನು ಸೇರಿಸುತ್ತ ಹೋಗುವುದು ನನ್ನ ದೃಷ್ಟಿಯಲ್ಲಿ ಉತ್ತಮ.

ಕಾರ್ಬ್ಯುರೇಟರ್ ಇರುವ ಹಳೆಯ ಬೈಕನ್ನು ನಿಲ್ಲಿಸುವವರು ಪೆಟ್ರೋಲ್ ನಲ್ಲಿಯನ್ನು ಮುಚ್ಚಿ, ಫ್ಲೋಟ್ ಬಟ್ಟಲಿನ ತಳದ ಸ್ಕ್ರೂ ಸಡಿಲಿಸಿ ಅಲ್ಲಿರುವುದನ್ನು ಹೊರಬಿಡಲಿ. ಜೆಟ್ಟಿನ ರಂಧ್ರ ಕೂದಲೆಳೆಯಷ್ಟು ಸಣ್ಣದು, ಒಣಗಿದ ಪೆಟ್ರೋಲ್‌ನ ಕಂದು ಅಂಟು ಅದನ್ನು ಮುಚ್ಚಿದರೆ ಎಷ್ಟು ಕಿಕ್ ಹೊಡೆದರೂ ಗಾಡಿ ಏಳುವುದಿಲ್ಲ.

ನಿಂತಚಕ್ರ

ಮೂವರಿಗೂ ಕೃತಜ್ಞತೆಗಳು. ಮುಚ್ಚಳದ ಒಳಗೆ ನೀವು ಹೇಳಿದ ಕೆನೆಬಣ್ಣದ ಪದರ ಇದೆ, ಕೂಲಂಟ್ ಮಟ್ಟ ಸರಿಯಾಗಿದೆ. ವೋಲ್ಟ್ ಅಳೆದಾಗ 12.1 ಬಂತು. ಇನ್ನೊಂದು ಸಂದೇಹ: ಮುಂದಿನ ವರ್ಷ ನಾವೆಲ್ಲರೂ ಐದು ತಿಂಗಳು ಊರಲ್ಲಿರುವುದಿಲ್ಲ, ಗಾಡಿಯನ್ನು ಓಡಿಸುವವರೂ ಯಾರಿಲ್ಲ. ಆಗ ಚಕ್ರಗಳನ್ನು ಜಾಕಿನ ಮೇಲೆ ಎತ್ತಿಡಬೇಕೇ?

ಸ್ಪ್ಯಾನರ್

ಐದು ತಿಂಗಳಿಗೆ ಎತ್ತಿಡುವ ಅಗತ್ಯ ನನಗೆ ಕಾಣುವುದಿಲ್ಲ. ಟೈರಿನ ಗಾಳಿ ತಾನಾಗಿಯೇ ಇಳಿಯುವುದರಿಂದ ಕೈಪಿಡಿಯ ಪ್ರಮಾಣಕ್ಕಿಂತ ಸ್ವಲ್ಪ ಹೆಚ್ಚೇ ತುಂಬಿಸಿ ನಿಲ್ಲಿಸಿ, ಆದರೆ ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಗರಿಷ್ಠ ಮಿತಿಯನ್ನು ಮೀರಬೇಡಿ. ಒಂದೇ ಜಾಗದ ಮೇಲೆ ಭಾರ ಬಿದ್ದು ಟೈರು ಚಪ್ಪಟೆಯಾದರೂ ಸಾಮಾನ್ಯವಾಗಿ ಸ್ವಲ್ಪ ದೂರ ಓಡಿ ಬಿಸಿಯಾದ ಮೇಲೆ ಸರಿಹೋಗುತ್ತದೆ. ಅದಕ್ಕಿಂತ ಮುಖ್ಯವಾದದ್ದು ಟೈರಿನ ವಯಸ್ಸು. ಪಕ್ಕದಲ್ಲಿ DOT ಎಂಬ ಅಕ್ಷರಗಳಿಂದ ಶುರುವಾಗುವ ಗುರುತಿನ ಕೊನೆಗೆ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ 2019ರ 23ನೆಯ ವಾರದಲ್ಲಿ ತಯಾರಾದದ್ದು ಎಂದರ್ಥ. ಗಾಡಿಯೊಂದಿಗೆ ಬಂದ ಟೈರುಗಳೇ ಇನ್ನೂ ಇದ್ದರೆ, ನೆಲಕ್ಕೆ ತಾಗುವ ಮೈಯ ಗೀರುಗಳು ಎಷ್ಟೇ ಆಳವಾಗಿ ಉಳಿದಿರಲಿ, ಪಕ್ಕದ ರಬ್ಬರಿನಲ್ಲಿ ಸಣ್ಣ ಬಿರುಕುಗಳಿವೆಯೇ ಎಂದು ಬೆಳಕಿನಲ್ಲಿ ಬಗ್ಗಿ ನೋಡಿ.

ಹ್ಯಾಂಡ್‌ಬ್ರೇಕ್ ಹಾಕಿಟ್ಟು ಹೋಗಬೇಡಿ. ತೇವಕ್ಕೆ ಬ್ರೇಕ್ ಶೂ ಡ್ರಮ್ಮಿಗೆ ಅಂಟಿಕೊಂಡರೆ ಬಿಡಿಸುವುದು ದೊಡ್ಡ ತಲೆನೋವು. ಸಮತಟ್ಟಾದ ನೆಲದಲ್ಲಿ ಗಾಡಿಯನ್ನು ಮೊದಲ ಗೇರಿನಲ್ಲಿ ನಿಲ್ಲಿಸಿ, ಆಟೋಮ್ಯಾಟಿಕ್ ಆದರೆ ಪಾರ್ಕಿನಲ್ಲಿ ನಿಲ್ಲಿಸಿ, ಚಕ್ರಗಳು ಉರುಳದಂತೆ ಹಿಂದೆಯೂ ಮುಂದೆಯೂ ಅಡ್ಡತುಂಡು ಕೊಡಿ. ಹೊರಡುವ ಮೊದಲು ಆಯಿಲ್ ಬದಲಿಸಿ, ಏಕೆಂದರೆ ಬಳಸಿದ ಆಯಿಲ್‌ನಲ್ಲಿರುವ ಆಮ್ಲಾಂಶ ಐದು ತಿಂಗಳು ಬೇರಿಂಗುಗಳ ಮೇಲೆ ಕೂರುವುದು ಬೇಡ. ಈ ಒಂದು ಸಂದರ್ಭಕ್ಕೆ ಟ್ಯಾಂಕ್ ತುಂಬಿಸಿ, ಹೊಸ ಪೆಟ್ರೋಲ್‌ಗೆ ಅದು ಬೇಗ ಕೆಡದಂತೆ ತಡೆಯುವ ಇಂಧನ ಸ್ಟೆಬಿಲೈಸರ್ ಬೆರೆಸಿ, ಅದು ಇಂಜೆಕ್ಟರುಗಳವರೆಗೆ ತಲುಪುವಂತೆ ಸ್ವಲ್ಪ ದೂರ ಓಡಿಸಿ ಬನ್ನಿ. ಕವರ್ ಹಾಕುವುದಾದರೆ ಗಾಳಿಯಾಡುವ ಬಟ್ಟೆಯದಿರಲಿ. ಪ್ಲಾಸ್ಟಿಕ್ ಹಾಳೆಯಡಿ ತೇವ ಬೆವರಿನಂತೆ ನಿಂತು ಬಣ್ಣವನ್ನು ಕೆಡಿಸುತ್ತದೆ.

ಇಲಿಯ ಕಾಟವನ್ನು ಯಾರೂ ಹಗುರವಾಗಿ ಕಾಣಬಾರದು. ಏರ್ ಫಿಲ್ಟರ್ ಡಬ್ಬಿಯೊಳಗೆ ಗೂಡು ಕಟ್ಟುವುದು, ವೈರುಗಳ ಹೊದಿಕೆ ಕಡಿದು ತಾಮ್ರ ಕಾಣಿಸುವುದು ಸಾಮಾನ್ಯ. ಒಳಗೆ ತಿನಿಸಿನ ಚೂರೂ ಉಳಿಯದಂತೆ ಗುಡಿಸಿ, ಸೈಲೆನ್ಸರಿನ ಬಾಯಿಗೂ ಗಾಳಿ ಎಳೆಯುವ ಕೊಳವೆಗೂ ಉಕ್ಕಿನ ಜಾಲರಿ ತುರುಕಿ, ಅದನ್ನು ತೆಗೆಯಬೇಕೆಂದು ಬರೆದ ಚೀಟಿಯೊಂದನ್ನು ಸ್ಟಿಯರಿಂಗಿಗೆ ಅಂಟಿಸಿ.

ವೋಲ್ಟ್‌ಮೀಟರ್

12.1 ಎಂದರೆ ಅರ್ಧಕ್ಕಿಂತ ಕಡಿಮೆ, ಇಂದೇ ಚಾರ್ಜಿಗೆ ಹಾಕಿ. ಪೂರ್ತಿ ತುಂಬಿಸಿ ಚಾರ್ಜರ್ ಕಳಚಿದ ಮೇಲೂ ಒಂದೆರಡು ದಿನದಲ್ಲೇ ಮತ್ತೆ ಇಷ್ಟಕ್ಕೆ ಇಳಿದರೆ, ಮೊದಲು ಆ ಬ್ಯಾಟರಿಯನ್ನು ಗಾಡಿಯಿಂದ ಬೇರ್ಪಡಿಸಿಟ್ಟು ಮತ್ತೊಮ್ಮೆ ಅಳೆಯಿರಿ. ಆಗಲೂ ಇಳಿದರೆ ದೋಷ ಬ್ಯಾಟರಿಯದು, ಇಳಿಯದಿದ್ದರೆ ಗಾಡಿಯಲ್ಲೇ ಏನೋ ಹೆಚ್ಚು ವಿದ್ಯುತ್ ಎಳೆಯುತ್ತಿದೆ.

ಐದು ತಿಂಗಳ ಗೈರುಹಾಜರಿಗೆ ಮನೆಯಲ್ಲಿ ಯಾರೂ ಇಲ್ಲದೆ ಚಾರ್ಜರ್ ಜೋಡಿಸಿಡುವುದಕ್ಕಿಂತ ಬ್ಯಾಟರಿಯನ್ನು ಪೂರ್ತಿ ತುಂಬಿಸಿ ನೆಗೆಟಿವ್ ಟರ್ಮಿನಲ್ ಕಳಚಿಡುವುದು ಲೇಸು. ಬಿಚ್ಚುವಾಗ ನೆಗೆಟಿವ್ ಮೊದಲು, ಜೋಡಿಸುವಾಗ ನೆಗೆಟಿವ್ ಕೊನೆಗೆ. ಈ ಕ್ರಮ ತಪ್ಪಿದರೆ ಪಾಸಿಟಿವ್ ಮೇಲಿರುವ ಸ್ಪ್ಯಾನರ್ ಬಾಡಿಗೆ ತಗುಲಿದೊಡನೆ ಕಿಡಿ ಹಾರುತ್ತದೆ. ಹಲವು ಗಾಡಿಗಳಲ್ಲಿ ಡಿಕ್ಕಿಯ ಬೀಗ ವಿದ್ಯುತ್ತಿನಿಂದಲೇ ತೆರೆಯುವುದರಿಂದ, ಕಳಚಿದ ಮೇಲೆ ಬೇಕಾಗುವ ಜಾಕ್, ಸ್ಪ್ಯಾನರ್, ಗಾಳಿಯ ಪಂಪುಗಳನ್ನು ಡಿಕ್ಕಿಯಲ್ಲಿ ಇಡದೆ ಹೊರಗೇ ಇಟ್ಟುಕೊಳ್ಳಿ, ಮತ್ತು ಬಾಗಿಲು ತೆರೆಯಲು ಲೋಹದ ಕೀಲಿ ಯಾವ ರಂಧ್ರಕ್ಕೆ ಹೋಗುತ್ತದೆ ಎಂಬುದನ್ನು ಮೊದಲೇ ಕಂಡುಕೊಂಡಿರಿ. ಕೆಲವು ಮಾದರಿಗಳಲ್ಲಿ ಅದು ಹಿಡಿಕೆಯ ಮುಚ್ಚಳದ ಹಿಂದೆ ಅಡಗಿರುತ್ತದೆ.