ಗದ್ದೆ ರೇಸ್ ಮುಂದೆ ಫಾರ್ಮುಲಾ ಒನ್ ಸಪ್ಪೆನಾ?

ಹಳೇ ಜಿಪ್ಸಿ: ಗೋಣಿಕೊಪ್ಪದ ಹತ್ತಿರ ಗದ್ದೆಯಲ್ಲಿ ಆಟೋಕ್ರಾಸ್ ನೋಡಿ ಬಂದೆ. ಒಂದೊಂದೇ ಗಾಡಿ ಬಿಡುತ್ತಾರೆ, ಕಡಿಮೆ ಟೈಮಲ್ಲಿ ಮುಗಿಸಿದವನು ಗೆದ್ದ. ಒಬ್ಬ ಮಾರುತಿ 800 ತಂದಿದ್ದ, ಬಂಪರ್‌ಗೆ ತಂತಿ ಕಟ್ಟಿತ್ತು. ಎರಡನೇ ತಿರುವಿನಲ್ಲಿ ಹ್ಯಾಂಡ್‌ಬ್ರೇಕ್ ಒಂಚೂರು ಲೇಟಾಗಿ ಎಳೆದ. ಹಿಂದಿನ ಚಕ್ರ ಜಾರಿ ಕಂಬಕ್ಕೆ ತಗುಲಿತು. "ಅಯ್ಯೋ, ಬೇಗ ಎಳೀಬೇಕಿತ್ತು" ಅಂದರು ಪಕ್ಕದಲ್ಲಿದ್ದ ಅಜ್ಜ. ಟಿವಿಯಲ್ಲಿ ಫಾರ್ಮುಲಾ ಒನ್ ಹಾಕಿದರೆ, ಟೈರ್ ಯಾಕೆ ಬದಲಾಯಿಸಿದರು ಅಂತ ಕಾಮೆಂಟೇಟರ್ ಹೇಳಬೇಕು. ಹತ್ತು ಲ್ಯಾಪ್‌ಗೆ ನಿದ್ದೆ.

ಲ್ಯಾಪ್ ಟೈಮ್: ನಿಮಗೆ ಅರ್ಥ ಆಗದಿದ್ದರೆ ಅದು ಸಪ್ಪೆನಾ ಸಾರ್? 2011ರಲ್ಲಿ ಗ್ರೇಟರ್ ನೋಯ್ಡಾದ ಬುದ್ಧ್ ಸರ್ಕ್ಯೂಟ್‌ಗೆ ಫಾರ್ಮುಲಾ ಒನ್ ನೋಡೋಕೆ ಹೋಗಿದ್ದೆ. ಆ ಸದ್ದು ಸೀದಾ ಎದೆಗೆ ಬಡಿಯುತ್ತಿತ್ತು. ಇನ್ನೊಂದು ಮಾತು. ಜಾಗ್ವಾರ್ ಕಾರು ಡಿಸ್ಕ್ ಬ್ರೇಕ್ ಹಾಕಿಕೊಂಡು ಫ್ರಾನ್ಸ್‌ನ ಲೆ ಮಾನ್ ರೇಸ್ ಗೆದ್ದಿದ್ದು 1953ರಲ್ಲಿ. ಈಗ ಬೈಕ್‌ಗಳಲ್ಲೂ ಅದೇ ಬ್ರೇಕ್. ನಿಮ್ಮ ಗದ್ದೆಯಿಂದ ಏನು ಬಂತು?

ಹಳೇ ಜಿಪ್ಸಿ: ಧೂಳು.

ತೋಟದ ಮನೆ: ಬುದ್ಧ್‌ನಲ್ಲಿ ಮೂರು ವರ್ಷ ರೇಸ್ ನಡೆಯಿತು, ಮೂರೂ ಸಲ ಗೆದ್ದಿದ್ದು ಒಬ್ಬನೇ, ವೆಟೆಲ್. 2023ರಲ್ಲಿ 22 ರೇಸ್‌ಗಳಲ್ಲಿ 19 ಗೆದ್ದಿದ್ದು ವರ್ಸ್ಟಾಪನ್ ಒಬ್ಬನೇ. 2021ರಲ್ಲಿ ಒಂದೊಂದು ತಂಡದ ವರ್ಷದ ಖರ್ಚಿಗೆ ಮಿತಿ ಹಾಕಿದರು, ಆ ಮಿತಿಯೇ 14.5 ಕೋಟಿ ಡಾಲರ್! ಇದರಲ್ಲಿ ನಮ್ಮಂಥ ಬಡವರದು ಅಂತ ಏನಿದೆ?

ಲ್ಯಾಪ್ ಟೈಮ್: ಅದೇ 2021ರ ಅಬುಧಾಬಿ ರೇಸ್ ನೋಡಿ. ಆ ಕೊನೇ ರೇಸ್‌ಗೆ ಮುಂಚೆ ಹ್ಯಾಮಿಲ್ಟನ್, ವರ್ಸ್ಟಾಪನ್ ಇಬ್ಬರೂ 369.5 ಪಾಯಿಂಟ್‌ನಲ್ಲಿ ಸಮ. ವರ್ಷದ ಚಾಂಪಿಯನ್ ಯಾರು ಅಂತ ತೀರ್ಮಾನ ಆಗಿದ್ದು ಕೊನೇ ಲ್ಯಾಪ್‌ನಲ್ಲಿ. ನಿಮ್ಮಲ್ಲೂ ಓಪನ್ ಕ್ಲಾಸ್‌ನಲ್ಲಿ, ಅಂದರೆ ಎಲ್ಲರಿಗೂ ತೆರೆದ ವಿಭಾಗದಲ್ಲಿ, ಸ್ಪೆಷಲ್ ಟೈರ್, ಟ್ಯೂನ್ ಮಾಡಿದ ಎಂಜಿನ್ ತರೋ ಅದೇ ನಾಲ್ಕು ಜನ ಕಪ್ ಹೊಡೆಯೋದು. ಸುಮ್ನೆ ಬಡವರ ಆಟ ಅನ್ನಬೇಡಿ.

ತೋಟದ ಮನೆ: ಅದು ನಿಜ. ಅದಕ್ಕೇ ನಾವು ಊರವರು ಓಡಿಸೋ ಲೋಕಲ್ ಕ್ಲಾಸ್‌ಗೆ ಜಾಸ್ತಿ ಶಿಳ್ಳೆ ಹೊಡೆಯೋದು.

ಸೆಕೆಂಡ್ ಗೇರ್: ನಾನು ಲೇಡೀಸ್ ಕ್ಲಾಸ್‌ನಲ್ಲಿ ಓಡಿಸಿದ್ದೀನಿ, ಯಜಮಾನರ ಸ್ವಿಫ್ಟ್‌ನಲ್ಲಿ. ಕೆಳಗಿಂದ ಎರಡನೇ ಸ್ಥಾನ. ಸೋಮವಾರ ಅದೇ ಗಾಡಿಯಲ್ಲಿ ಮಕ್ಕಳನ್ನು ಸ್ಕೂಲಿಗೆ ಬಿಟ್ಟೆ, ಸೀಟೆಲ್ಲಾ ಮಣ್ಣು. ಅವತ್ತಿಂದ ಟಿವಿಯಲ್ಲಿ ಮಳೆಗೆ ಕಾರು ಜಾರಿದರೆ ನನ್ನ ಕೈ ತಾನಾಗೇ ಸ್ಟೀರಿಂಗ್ ತಿರುಗಿಸುತ್ತದೆ. ಮುಂಚೆ ಚಹಾ ಕುಡೀತಾ ನೋಡುತ್ತಿದ್ದೆ. ಗಲ್ಲಿ ಕ್ರಿಕೆಟ್‌ನಲ್ಲಿ ಬೌಲ್ಡ್ ಆದವರಿಗೆ ತಾನೇ ಯಾರ್ಕರ್ ಏನಂತ ಗೊತ್ತಾಗೋದು?

ಲ್ಯಾಪ್ ಟೈಮ್: ಇದನ್ನ ಒಪ್ಪಿದೆ ಮೇಡಂ. ವರ್ಸ್ಟಾಪನ್ ಕೂಡ ಶುರು ಮಾಡಿದ್ದು ಗೋ-ಕಾರ್ಟ್‌ನಲ್ಲೇ. ಆದರೆ ಧೂಳು ತಿನ್ನೋಕೆ ನಾನು ಬರಲ್ಲ.

ಹಳೇ ಜಿಪ್ಸಿ: ಬನ್ನಿ ಸಾರ್, ಹೆಲ್ಮೆಟ್ ನಾನು ಕೊಡ್ತೀನಿ. ಗಾಡಿ ಮಾತ್ರ ನಿಮ್ಮದೇ ತನ್ನಿ.